ಮೂರನೇ ಡೋಸ್ ಆಗಿದೆಯಾ?

ನಮ್ಮ ಎಂಬಿಬಿಎಸ್ ಹುಡುಗರಿಗೆ ಎಚ್‌ಐವಿ ಅಂದರೆ ಜೀವಭಯ, ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಅಂದರೆ ಐದು ಮಾರ್ಕಿನ ಪ್ರಶ್ನೆ. ಮೈಕ್ರೋಬಯಾಲಜಿ ಪಾಠ ಮಾಡುವ ನಾನು ಪ್ರತಿ ಬ್ಯಾಚಿನಲ್ಲೂ ಇದನ್ನೇ ನೋಡುತ್ತೇನೆ. ಲೆಕ್ಕ ಮಾತ್ರ ಪೂರ್ತಿ ಉಲ್ಟಾ ಇದೆ. ಸೋಂಕಿತರ ರಕ್ತ ಮೆತ್ತಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3. ಹೆಪಟೈಟಿಸ್ ಸಿ ಹೆಚ್ಚೆಂದರೆ ಶೇ 2ರ ಆಸುಪಾಸು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಶೇ 6ರಿಂದ 30! ಒಣಗಿದ ರಕ್ತದ ಕಲೆಯಲ್ಲೂ ಬಿ ವೈರಸ್ ವಾರದವರೆಗೆ ಜೀವ ಹಿಡಿದಿರುತ್ತದೆ.

ಇದೆಲ್ಲ ಅವರಿಗೆ ಗೊತ್ತು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. “ನಿಂದು ಹೆಪಟೈಟಿಸ್ ಬಿ ಲಸಿಕೆ ಮೂರನೇ ಡೋಸ್ ಆಗಿದೆಯೇನಪ್ಪಾ?” ಅಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ.

ಅದಕ್ಕೇ ವಾರ್ಡ್ ಪೋಸ್ಟಿಂಗ್‌ಗೆ ಮುಂಚೆ ಒಂದು ಮಧ್ಯಾಹ್ನದ ಪ್ರಾಕ್ಟಿಕಲ್ ಅನ್ನು ಇದಕ್ಕೆಂದೇ ಎತ್ತಿಡುತ್ತೇನೆ. ಸ್ಲೈಡ್ ಗೀಡ್ ಏನೂ ಇಲ್ಲ. ಹೆಸರಿಲ್ಲದ ಚೀಟಿ ಹಂಚಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಲಸಿಕೆ ಎಲ್ಲಿಗೆ ಬಂದಿದೆ? ರಾತ್ರಿ ಎರಡು ಗಂಟೆಗೆ ಸೂಜಿ ಚುಚ್ಚಿದರೆ ಎಲ್ಲಿಗೆ ಹೋಗುತ್ತೀರಿ? “ಪಿಜಿ ಡಾಕ್ಟರ್‌ಗೆ ಹೇಳ್ತೀನಿ”, “ಗೂಗಲ್ ಮಾಡ್ತೀನಿ” ಅಂತ ಬರೆಯುತ್ತಾರೆ. ಒಬ್ಬರು “ಅಮ್ಮಂಗೆ ಫೋನ್ ಮಾಡ್ತೀನಿ” ಅಂತ ಬರೆದಿದ್ದರು. ನನಗೆ ಅದೇ ನಿಜವಾದ ಉತ್ತರ ಅನ್ನಿಸಿತು.

ಲಸಿಕೆ ವಿಷಯಕ್ಕೆ “ಚಿಕ್ಕವರಿದ್ದಾಗ ಆಗಿರುತ್ತೆ ಮೇಡಂ” ಅನ್ನುವುದು ಮಾಮೂಲಿ. ಆಗಿರಲೇಬೇಕು ಅಂತೇನಿಲ್ಲ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಮೊದಲು 2002–03ರಲ್ಲಿ ಕೆಲವೇ ಕಡೆ ಪ್ರಯೋಗಕ್ಕೆ ಬಂತು, ಇಡೀ ದೇಶಕ್ಕೆ ಸಿಕ್ಕಿದ್ದು 2011ರ ಹೊತ್ತಿಗೆ. ಈಗ ನನ್ನ ಮುಂದೆ ಕೂತವರಲ್ಲಿ ಬಹಳ ಮಂದಿ ಆ ನಡುವೆ ಹುಟ್ಟಿದವರು. ತಾಯಿ ಕಾರ್ಡ್ ಸಿಕ್ಕರೆ ಸರಿ. ಇಲ್ಲದಿದ್ದರೆ ಈಗಲೇ ಮೊದಲ ಡೋಸ್, ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಆಮೇಲೆ ಒಂದೆರಡು ತಿಂಗಳಲ್ಲಿ ರಕ್ತ ಕೊಟ್ಟು ಆ್ಯಂಟಿಬಾಡಿ ನೋಡಿಸಬೇಕು, ಅದರ ಮಟ್ಟ 10 (mIU/mL) ದಾಟಿದ್ದರೆ ನಿಶ್ಚಿಂತೆ. ತಪ್ಪಿ ಹೋಗುವುದು ಯಾವಾಗಲೂ ಮೂರನೆಯದೇ, ಅಷ್ಟೊತ್ತಿಗೆ ಇಂಟರ್ನಲ್ಸ್ ಬಂದಿರುತ್ತದೆ. ತಡವಾಯಿತೆಂದು ಮೊದಲಿಂದ ಶುರು ಮಾಡಬೇಕಾಗಿಲ್ಲ, ಬಾಕಿ ಉಳಿದದ್ದು ಹಾಕಿಸಿಕೊಂಡರೆ ಸಾಕು. ಈಗ ಪ್ರಾಕ್ಟಿಕಲ್ ದಿನವೇ ಲಸಿಕೆ ಹಾಕುವ ಸಿಸ್ಟರ್ ಅನ್ನು ಲ್ಯಾಬ್ ಬಾಗಿಲಿಗೆ ಕರೆಸಿ ಕೂರಿಸುತ್ತೇನೆ. ತಪ್ಪಿಸಿಕೊಂಡು ಹೋಗಲು ಬೇರೆ ಬಾಗಿಲಿಲ್ಲ.

ಆಮೇಲೆ ಸ್ಕೆಚ್ ಪೆನ್ ಆಟ. ಎಲ್ಲರಿಗೂ ಬಿಳಿ ಗ್ಲೌಸ್, ಒಂದೊಂದು ಕೆಂಪು ಸ್ಕೆಚ್ ಪೆನ್. ಕ್ಯಾಪ್ ತೆಗೆಯಿರಿ, ಹಾಕಿ, ಬೇಗ ಬೇಗ. ನಡುವೆ ನಾನು ಸುಮ್ನೆ ಏನೇನೋ ಪ್ರಶ್ನೆ ಕೇಳುತ್ತಿರುತ್ತೇನೆ. ರೋಗಿಯ ಕಡೆಯವರು, ಪಿಜಿ, ಫೋನು ಎಲ್ಲ ಒಟ್ಟಿಗೆ ಕೂಗುವ ವಾರ್ಡಿನಲ್ಲಿ ನಡೆಯುವುದೂ ಹೀಗೇ ಅಲ್ವಾ? ನಿಲ್ಲಿಸಿ ಕೈ ನೋಡಿಕೊಳ್ಳಿ ಅಂದಾಗ ಎಡಗೈ ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಕೆಂಪು ಚುಕ್ಕೆಗಳು. ಯಾವಾಗ ಬಿತ್ತು ಅಂತ ಅವರಿಗೇ ತಿಳಿದಿರುವುದಿಲ್ಲ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ ಎಂದು ಎಷ್ಟು ಪಾಠ ಮಾಡಿದರೂ ಆಗದ ಕೆಲಸ ಈ ಚುಕ್ಕೆಗಳಿಂದ ಆಗುತ್ತದೆ. ಹಾಕಲೇಬೇಕಾದರೆ ಕ್ಯಾಪನ್ನು ಟ್ರೇ ಮೇಲೆ ಮಲಗಿಸಿ, ಒಂದೇ ಕೈಯಲ್ಲಿ ಸೂಜಿ ತೂರಿಸಿ ಎತ್ತುವುದನ್ನು ಕಲಿಸುತ್ತೇನೆ.

ಕೊನೆಗೆ ಎಲ್ಲರನ್ನೂ ಕ್ಯಾಷುವಾಲಿಟಿಗೆ ನಡೆಸಿಕೊಂಡು ಹೋಗುತ್ತೇನೆ. ಸಿಸ್ಟರ್ ಡ್ರಾಯರ್ ಎಳೆದು ಪಿಇಪಿ, ಅಂದರೆ ಸೂಜಿ ಚುಚ್ಚಿದ ಮೇಲೆ ಎಚ್‌ಐವಿ ತಗಲದಂತೆ ನುಂಗುವ ಮಾತ್ರೆಯ ಡಬ್ಬಿ ತೋರಿಸುತ್ತಾರೆ. ಒಬ್ಬೊಬ್ಬರೂ ಅದನ್ನು ಕೈಗೆತ್ತಿಕೊಂಡು ನೋಡಬೇಕು. ಚುಚ್ಚಿದರೆ ಮೊದಲು ಸೋಪು, ನೀರು. ಹಿಂಡಬೇಡಿ, ಬಾಯಿಗಿಡಬೇಡಿ, ಸ್ಪಿರಿಟ್ ಸುರಿಯಬೇಡಿ. ಸಾಧ್ಯವಾದರೆ ಎರಡು ಗಂಟೆಯೊಳಗೆ ಮೊದಲ ಮಾತ್ರೆ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ಪೂರ್ತಿ. ಲಸಿಕೆ ಆಗದವರಿಗೆ, ರೋಗಿಗೆ ಹೆಪಟೈಟಿಸ್ ಬಿ ಇದ್ದರೆ, ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಆ್ಯಂಟಿಬಾಡಿಯ ಇಂಜೆಕ್ಷನ್) ಕೂಡ ಬೇಕು, ಆದಷ್ಟೂ 24 ಗಂಟೆಯೊಳಗೆ. ಸಿ ಗೆ ಲಸಿಕೆಯಿಲ್ಲ. ಆದರೆ ಈಗ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಉಚಿತ.

ನನಗೆ ಜಾಸ್ತಿ ತಲೆನೋವು ಕೊಡುವುದು ಇನ್ನೊಂದು. “ಆ ಬೆಡ್ ರಿಯಾಕ್ಟಿವ್ (ಎಚ್‌ಐವಿ ಪಾಸಿಟಿವ್), ಹುಷಾರು” ಎಂದು ಸೀನಿಯರ್‌ಗಳು ಪಿಸುಗುಡುವುದು, ಫೈಲಿನ ಮೇಲೆ ಕೆಂಪಕ್ಷರದಲ್ಲಿ ಬರೆಯುವುದು. ಸೋಂಕಿತರ ಗುಟ್ಟು ಕಾಯಬೇಕು, ಭೇದ ಮಾಡಬಾರದು ಎನ್ನುವ 2017ರ ಎಚ್‌ಐವಿ ಕಾಯ್ದೆ ಬಂದ ಮೇಲೂ ಇದನ್ನು ಕಂಡಿದ್ದೇನೆ. ಕಾನೂನಿನ ಮಾತು ಪಕ್ಕಕ್ಕಿರಲಿ, ಲೆಕ್ಕಕ್ಕೂ ಇದು ಕೂಡಿ ಬರುವುದಿಲ್ಲ. ಗೊತ್ತಿರುವ, ಮಾತ್ರೆ ನುಂಗುತ್ತಿರುವ ಎಚ್‌ಐವಿ ರೋಗಿಯ ರಕ್ತದಲ್ಲಿ ಬಹಳ ಸಲ ವೈರಸ್ ಲೆಕ್ಕಕ್ಕೇ ಸಿಗುವುದಿಲ್ಲ. ಪಕ್ಕದ ಬೆಡ್‌ನಲ್ಲಿ ಹರ್ನಿಯಾಕ್ಕೆಂದು ಬಂದ ಅಜ್ಜನಿಗೆ ಹೆಪಟೈಟಿಸ್ ಬಿ ಇರಬಹುದು, ಅವರಿಗೇ ತಿಳಿದಿರುವುದಿಲ್ಲ. ಗ್ಲೌಸ್ ಹಾಕುವುದಾದರೆ ಇಬ್ಬರಿಗೂ ಹಾಕಿ.

ಚುಚ್ಚಿಸಿಕೊಂಡವರು ಬಾಯಿ ಬಿಡದಿರುವುದಕ್ಕೆ ಕಾರಣ ಬೈಗುಳದ ಹೆದರಿಕೆ. ಅದಕ್ಕೆ ಸೂಜಿ ಚುಚ್ಚಿದ್ದನ್ನು ಬರೆಯುವ ರಿಜಿಸ್ಟರ್ ಅವರವರ ವಿಭಾಗಕ್ಕೆ ಹೋಗದೆ ನೇರ ನಮ್ಮ ಸೋಂಕು ನಿಯಂತ್ರಣ ಸಿಸ್ಟರ್ ಹತ್ತಿರವೇ ಇರುವಂತೆ ಮಾಡಿಸಿದೆ. ಅದರಲ್ಲಿ ಹುಡುಗರ ಹೆಸರಿನ ಜೊತೆ ಸ್ವಚ್ಛತಾ ಸಿಬ್ಬಂದಿಯ ಹೆಸರೂ ಬರತೊಡಗಿತು. ಬೆಡ್‌ಶೀಟಿನಲ್ಲಿ, ಕಸದ ಚೀಲದಲ್ಲಿ ಯಾರೋ ಬಿಟ್ಟ ಸೂಜಿಗಳು. ಸಿಬ್ಬಂದಿಗೆ ಲಸಿಕೆ ಹಾಕಿಸಬೇಕೆಂದು 2016ರ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ. ಕೇಳಿ ನೋಡಿದರೆ ಹಲವರಿಗೆ ಮೊದಲ ಡೋಸೇ ಆಗಿರಲಿಲ್ಲ. ಈಗ ಲ್ಯಾಬ್ ಬಾಗಿಲಲ್ಲಿ ಅವರದ್ದೇ ಮೊದಲ ಸಾಲು, ಹುಡುಗರು ಅವರ ಹಿಂದೆ.