ಪಂಪ್ ಓಡುವಾಗ ನೀರಿನ ದಾರಿಯೇ ಬೇರೆ

ನೆಲದಡಿಯ ಪೆಟ್ರೋಲ್ ಟ್ಯಾಂಕ್ ಸೋರುತ್ತಿದೆ ಅಂತ ಗೊತ್ತಾದ ಮೇಲೆ, ನೆಲದಡಿಯ ನೀರು ಪರೀಕ್ಷಿಸುವ ನನ್ನನ್ನು ಕರೆಸಿದರು. ಅಲ್ಲಿಂದ ಸುಮಾರು 200 ಮೀಟರ್ ದೂರದಲ್ಲಿ ಊರಿಗೆಲ್ಲ ಕುಡಿಯುವ ನೀರು ಕೊಡುವ ಬಾವಿ. ನಾನು ಹೋದ ಕೂಡಲೇ ಒಬ್ಬರು ಲೋಟದಲ್ಲಿ ನೀರು ತಂದು ಮೂಗಿನ ಹತ್ತಿರ ಹಿಡಿದರು. "ನೋಡಿ ಸಾರ್, ವಾಸನೆ ಏನೂ ಇಲ್ಲ, ಅಲ್ವಾ?"

ಇರಲಿಲ್ಲ, ನಿಜ. ಆದರೆ ಈ ಕೆಲಸದಲ್ಲಿ ಮೂಗನ್ನು ನಂಬುವ ಹಾಗಿಲ್ಲ. ಪೆಟ್ರೋಲಿನಲ್ಲಿ ಬೆಂಜೀನ್ ಅನ್ನುವ, ಕ್ಯಾನ್ಸರ್ ತರುವ ಅಂಶ ಇರುತ್ತದೆ. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಾಲಿಗೆಗೆ ಅದರ ರುಚಿ ಹತ್ತುವುದೇ ಸುಮಾರು 500 ಮೈಕ್ರೋಗ್ರಾಂ ದಾಟಿದ ಮೇಲೆ. ವಾಸನೆ ಬರಬೇಕಾದರೆ ಅದಕ್ಕಿಂತಲೂ ಜಾಸ್ತಿ ಬೇಕು.

ಬಾವಿಯ ನೀರನ್ನಷ್ಟೇ ಪರೀಕ್ಷೆ ಮಾಡುತ್ತಾ ಕೂತರೂ ಪ್ರಯೋಜನವಿಲ್ಲ. ಅಲ್ಲಿ ಬೆಂಜೀನ್ ಸಿಗುವ ಹೊತ್ತಿಗೆ ಜನ ಕುಡಿದಾಗಿರುತ್ತದೆ. ಹಾಗಾಗಿ ಐದು ಸಣ್ಣ ನಿಗಾ ಕೊಳವೆ ಇಳಿಸಿದೆವು. ಟ್ಯಾಂಕಿನ ಪಕ್ಕ ಒಂದು, ನೀರು ಹರಿದು ಬರುವ ಮೇಲ್ಬದಿಗೆ ಒಂದು, ಕೆಳಬದಿಗೆ ಮೂರು. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ಕೊಳವೆಯ ತೂತಿನ ಭಾಗ ಜಲಮಟ್ಟದ ಮೇಲೂ ಕೆಳಗೂ ಚಾಚಿರಬೇಕು, ಮಳೆಗಾಲ ಬೇಸಿಗೆ ಎರಡಕ್ಕೂ ಸಾಲುವಷ್ಟು. ಪೂರ್ತಿ ಮುಳುಗಿಬಿಟ್ಟರೆ ತೇಲುವ ಪದರ ಹೊರಗೇ ಉಳಿಯುತ್ತದೆ. ಬರೀ ನೀರು ನೋಡಿ ಖುಷಿಪಟ್ಟು ಮನೆಗೆ ಹೋಗುತ್ತೇವೆ.

ನಾನು ಎಡವಿದ್ದು ನೀರಿನ ಮಟ್ಟ ಅಳೆಯುವುದರಲ್ಲಿ. ನೆಲದಡಿಯ ನೀರು ಮಟ್ಟ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ, ಎಲ್ಲ ಕೊಳವೆಗಳ ಮಟ್ಟ ಹೋಲಿಸಿದರೆ ಅದರ ದಾರಿ ಗೊತ್ತಾಗುತ್ತದೆ. ಕೊಳವೆ ಬಾಯಿಗಳ ಎತ್ತರವನ್ನೆಲ್ಲ ಸರ್ವೆ ಮಾಡಿಸಿದ್ದೆ. ಟ್ಯಾಂಕಿನ ಪಕ್ಕದ್ದರಲ್ಲಿ ತೇಲುತ್ತಿದ್ದ ಪೆಟ್ರೋಲಿನ ಲೆಕ್ಕವನ್ನೂ ಬಿಟ್ಟಿರಲಿಲ್ಲ. ಮೇಲೆ 20 ಸೆಂ.ಮೀ. ಪೆಟ್ರೋಲ್ ಇದ್ದರೆ ಅದು ನೀರನ್ನು ಸುಮಾರು 15 ಸೆಂ.ಮೀ. ಕೆಳಗೆ ಒತ್ತಿರುತ್ತದೆ, ಅದನ್ನು ಕೂಡಿಸಿಕೊಳ್ಳಬೇಕು. ಎಲ್ಲ ಸರಿ ಮಾಡಿ ನಕ್ಷೆ ಬರೆದರೆ ನೀರು ಬಾವಿಯನ್ನು ಬಿಟ್ಟು ಪಕ್ಕಕ್ಕೆ ಹರಿಯುತ್ತಿತ್ತು. ಮೂರು ತಿಂಗಳು ಅದೇ ಚಿತ್ರ. ನನಗೂ ನಿರಾಳ, ಊರಿನವರಿಗೂ ನಿರಾಳ.

ಒಂದು ದಿನ ದಾರಿಯಲ್ಲಿ ಗಾಡಿ ಕೆಟ್ಟು ತಡವಾಯಿತು. ಹೋಗುವಷ್ಟರಲ್ಲಿ ಬಾವಿಯ ಪಂಪ್ ಆಗಲೇ ಶುರುವಾಗಿ ಎರಡು ಗಂಟೆ ಆಗಿತ್ತು. ಬಾವಿಗೆ ಹತ್ತಿರದ ಕೊಳವೆಯಲ್ಲಿ, ನೀರು ಮುಟ್ಟಿದರೆ ಬೀಪ್ ಅನ್ನುವ ಅಳತೆ ಟೇಪು ಇಳಿಸಿದೆ. ಬೀಪ್ ಬರಬೇಕಾದ ಕಡೆ ಬರಲಿಲ್ಲ. ಟೇಪೇ ಕೆಟ್ಟಿರಬೇಕು ಅಂದುಕೊಂಡು ಒರೆಸಿ ಮತ್ತೆ ಇಳಿಸಿದೆ. ಬೀಪ್ ಬಂದಿದ್ದು ಹಿಂದಿನ ಸಲಕ್ಕಿಂತ 30 ಸೆಂ.ಮೀ. ಕೆಳಗೆ. ಅಲ್ಲೇ ಗಾಡಿಯ ಬಾನೆಟ್ ಮೇಲೆ ಹಾಳೆ ಹರಡಿ ಗೆರೆ ಎಳೆದೆ. ಹರಿವಿನ ಬಾಣ ಸೀದಾ ಬಾವಿಯ ಕಡೆ ತಿರುಗಿತ್ತು. ಅಷ್ಟೂ ದಿನ ನಾನು ಅಳೆದಿದ್ದು ಪಂಪ್ ಇನ್ನೂ ಶುರುವಾಗದ ಬೆಳಗಿನ ಹೊತ್ತಿನಲ್ಲಿ! ಆರನೆಯ ಕೊಳವೆಯನ್ನು ಆ ಹೊಸ ದಾರಿಯಲ್ಲಿ, ಬಾವಿಗಿಂತ ಸಾಕಷ್ಟು ಮುಂಚೆ ಸಿಗುವ ಹಾಗೆ ಹಾಕಿಸಿದೆ.

ಸ್ಯಾಂಪಲ್ ತೆಗೆಯುವುದರಲ್ಲೂ ಒಂದು ಪಾಠ ಕಲಿತೆ. 40 ಮಿಲಿಲೀಟರಿನ ಗಾಜಿನ ಶೀಶೆಯನ್ನು ಅಂಚಿನ ಮೇಲೆ ನೀರು ಉಬ್ಬಿ ನಿಲ್ಲುವವರೆಗೆ ತುಂಬಬೇಕು. ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿದರೆ ಒಂದು ಗುಳ್ಳೆಯೂ ಏಳಬಾರದು. ಎದ್ದರೆ ಬೆಂಜೀನ್ ಆ ಗಾಳಿಗೆ ಹೋಗುತ್ತದೆ, ಆ ಶೀಶೆ ಬಿಟ್ಟು ಇನ್ನೊಂದು ತುಂಬಬೇಕು. ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದೆ. ಆದರೂ ಒಂದು ಸಲ, ನಮ್ಮ ಕೈಯಿಂದಲೇ ಏನಾದರೂ ಸೇರುತ್ತಿದೆಯಾ ಅಂತ ನೋಡಲು ಸ್ಥಳದಲ್ಲೇ ಶುದ್ಧ ನೀರು ತುಂಬಿ ಕಳಿಸಿದ್ದ ಶೀಶೆಯಲ್ಲಿ ಲ್ಯಾಬಿಗೆ ಪೆಟ್ರೋಲಿನದೇ ಅಂಶಗಳಾದ ಟಾಲ್ಯೂಯೀನ್, ಜೈಲೀನ್ ಸಿಕ್ಕವು. ಯೋಚಿಸಿದರೆ, ಜನರೇಟರ್‌ಗೆ ಪೆಟ್ರೋಲ್ ಹಾಕಿದವನೂ ನಾನೇ, ಅದೇ ಕೈಗವಸಿನಲ್ಲಿ ಶೀಶೆ ಹಿಡಿದವನೂ ನಾನೇ. ಆ ಸುತ್ತಿನ ಸ್ಯಾಂಪಲ್ ಎಲ್ಲಾ ಮತ್ತೆ ತೆಗೆಯಬೇಕಾಯಿತು. ಈಗ ಇಂಧನ ಮುಟ್ಟುವ ಕೆಲಸ ಹಿಂದಿನ ದಿನವೇ ಮುಗಿಸುತ್ತೇನೆ. ಚೊಕ್ಕ ಕೊಳವೆಯಿಂದ ಶುರು ಮಾಡಿ ಟ್ಯಾಂಕಿನದಕ್ಕೆ ಕೊನೆಯಲ್ಲಿ ಹೋಗುತ್ತೇನೆ.

ಅಂದಹಾಗೆ, ಹತ್ತಿರದ ಚರಂಡಿಯಲ್ಲಿ ಬಣ್ಣಬಣ್ಣದ ಪೊರೆ ಕಂಡು ಜನ ಗಾಬರಿಯಾಗಿದ್ದರು. ಕಡ್ಡಿಯಿಂದ ಕೆದಕಿ ನೋಡಿದೆ. ಪೊರೆ ಹೆಂಚಿನ ಚೂರಿನ ಹಾಗೆ ಒಡೆದು ಬೇರೆಬೇರೆಯೇ ಉಳಿಯಿತು. ಅದು ಕಬ್ಬಿಣದ ಬ್ಯಾಕ್ಟೀರಿಯಾ ಕೆಲಸ. ಎಣ್ಣೆಯಾಗಿದ್ದರೆ ಮತ್ತೆ ಸುತ್ತಿಕೊಂಡು ಸೇರಿಬಿಡುತ್ತಿತ್ತು.

ನಡುವಿನ ಕೊಳವೆಯಲ್ಲಿ ಬೆಂಜೀನ್ ಇದೆ. ಜೊತೆಗೆ ಕರಗಿದ ಆಮ್ಲಜನಕ ಕುಸಿದು ಕಬ್ಬಿಣ ಏರಿದೆ. ಅಂದರೆ ಮಣ್ಣಿನ ಸೂಕ್ಷ್ಮಜೀವಿಗಳು ಪೆಟ್ರೋಲನ್ನು ತಿನ್ನುತ್ತಿವೆ. ಅವು ತಿನ್ನುವ ವೇಗ ಸಾಕಾ ಅನ್ನುವುದನ್ನು ಆರನೆಯ ಕೊಳವೆಯೇ ಹೇಳಬೇಕು. ಅದರಲ್ಲಿ ಒಂದೇ ಒಂದು ಸಲ ಬೆಂಜೀನ್ ಕಂಡರೂ ಪಂಪ್ ನಿಲ್ಲಿಸಿ ಬೇರೆ ಕಡೆಯಿಂದ ನೀರು ತರಿಸುವುದು ಅಂತ ಮೊದಲೇ ಬರೆದು ಎಲ್ಲರ ಸಹಿ ಹಾಕಿಸಿಕೊಂಡಿದ್ದೇನೆ. ಈವರೆಗೆ ಅಲ್ಲಿ ಏನೂ ಕಂಡಿಲ್ಲ. ನೀರಿನ ಮಟ್ಟವನ್ನು ಮಾತ್ರ ಈಗ ಪ್ರತಿ ಸಲ ಎರಡು ಹೊತ್ತು ಅಳೆಯುತ್ತೇನೆ, ಪಂಪ್ ಶುರುವಾಗುವ ಮುಂಚೆ ಒಮ್ಮೆ, ಓಡುವಾಗ ಒಮ್ಮೆ.