ಲೊಕೇಶನ್ ಆಫ್ ಮಾಡಿದರೂ ಚಾರ್ಜ್ ನಿಲ್ಲುತ್ತಿಲ್ಲವೇ?

ತುಮಕೂರಿನಿಂದ ಮಧುಗಿರಿ ದಾಟಿ ಪಾವಗಡ ಮುಟ್ಟುವಷ್ಟರಲ್ಲಿ ಫೋನಿನ ಚಾರ್ಜ್ ಅರ್ಧಕ್ಕೆ ಇಳಿದಿದ್ದರೆ ಬೈಗುಳ ಬೀಳುವುದು ಲೊಕೇಶನ್ ಗುಂಡಿಗೆ. ಅದು ಸುಮ್ಮನೆ ಆನ್ ಇದ್ದರೆ ಹೆಚ್ಚೇನೂ ಖರ್ಚಾಗುವುದಿಲ್ಲ. ಯಾವುದೋ ಆ್ಯಪ್ ‘ಈಗ ಎಲ್ಲಿದ್ದೀವಿ?’ ಎಂದು ಕೇಳಿದಾಗಷ್ಟೇ ಜಿಪಿಎಸ್ ಚಿಪ್ ಕೆಲಸಕ್ಕಿಳಿಯುತ್ತದೆ. ಹಾಗಾಗಿ ದಿನಕ್ಕೆ ಹತ್ತು ಸಲ ಗುಂಡಿ ಒತ್ತುವುದಕ್ಕಿಂತ, ಕೇಳುತ್ತಿರುವವರು ಯಾರೆಂದು ಹುಡುಕುವುದೇ ಸರಿ.

ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ (ಕೆಲವು ಫೋನುಗಳಲ್ಲಿ ‘ಸೆಕ್ಯುರಿಟಿ ಅಂಡ್ ಪ್ರೈವಸಿ’), ಅದರೊಳಗೆ ಪ್ರೈವಸಿ ಡ್ಯಾಶ್‌ಬೋರ್ಡ್, ಅಲ್ಲಿ ಲೊಕೇಶನ್ ಒತ್ತಿ. ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ನಿಮ್ಮ ಜಾಗ ನೋಡಿದೆ ಎಂಬುದು ಸಾಲಾಗಿ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಶಾಪಿಂಗ್ ಆ್ಯಪ್ ಹೆಸರು ಕಂಡರೆ ಕಳ್ಳ ಸಿಕ್ಕ ಹಾಗೆಯೇ. ಹೆಸರು ಒತ್ತಿ, ‘ಅಲೋ ಆಲ್ ದ ಟೈಮ್’ ಇದ್ದದ್ದನ್ನು ‘ಅಲೋ ಓನ್ಲಿ ವೈಲ್ ಯೂಸಿಂಗ್ ದ ಆ್ಯಪ್’ ಮಾಡಿ. ಟಾರ್ಚ್, ಕ್ಯಾಲೆಂಡರ್, ಆಟದ ಆ್ಯಪ್‌ಗಳಿಗೆ ‘ಡೋಂಟ್ ಅಲೋ’ ಸಾಕು. ಹವಾಮಾನದ ಆ್ಯಪ್‌ಗೆ ನಿಮ್ಮ ಮನೆ ಬಾಗಿಲು ಬೇಕಿಲ್ಲ, ಊರು ಗೊತ್ತಾದರೆ ಸಾಕು. ಅದಕ್ಕೆ ಅದೇ ಪುಟದ ಕೆಳಗಿರುವ ‘ಯೂಸ್ ಪ್ರಿಸೈಸ್ ಲೊಕೇಶನ್’ ಆಫ್ ಮಾಡಿ.

ಐಫೋನ್‌ನಲ್ಲಿ ದಾರಿ ಇನ್ನೂ ಸಲೀಸು: ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವೀಸಸ್. ‘ಆಲ್ವೇಸ್’ ಎಂದಿರುವ ಹೆಸರುಗಳನ್ನು ಮಾತ್ರ ನೋಡಿದರಾಯಿತು.

ಇನ್ನೊಂದು ಖರ್ಚು ವಾಟ್ಸಾಪ್ ಲೈವ್ ಲೊಕೇಶನ್‌ನದು. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಆಯ್ಕೆ ಇರುತ್ತದೆ. ಸಿರಾದಲ್ಲಿ ಬಸ್ ಹತ್ತಿದವರನ್ನು ತುಮಕೂರಿನಲ್ಲಿ ಇಳಿಸಿಕೊಳ್ಳಲು 8 ಗಂಟೆ ಯಾಕೆ? ಆದರೂ ಅವಸರದಲ್ಲಿ ಅದನ್ನೇ ಒತ್ತಿ, ಮನೆ ಸೇರಿ ಊಟ ಮುಗಿಸಿದ ಮೇಲೂ ಮರೆತುಬಿಡುತ್ತೇವೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಲೈವ್ ಲೊಕೇಶನ್ ಒತ್ತಿ ‘ಸ್ಟಾಪ್ ಶೇರಿಂಗ್’ ಕೊಡಿ.

ಇಷ್ಟು ಮಾಡಿದರೂ ಚಾರ್ಜ್ ಸೋರುತ್ತಿದ್ದರೆ ತಪ್ಪು ಬಹುಶಃ ಲೊಕೇಶನ್ನಿನದಲ್ಲ, ಟವರಿನದು. ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಫೋನು ದೂರದ ಟವರಿಗೆ ಕೇಳಿಸಲೆಂದು ಜೋರಾಗಿ ಕೂಗಬೇಕಾಗುತ್ತದೆ, ಪೂರ್ತಿ ಹೋದಾಗ ಹುಡುಕುತ್ತಲೇ ಇರುತ್ತದೆ. ಪಾವಗಡದ ಸುತ್ತ ಮುಕ್ಕಾಲು ಪಾಲು ಆಂಧ್ರವೇ ಇರುವುದರಿಂದ ಗಡಿಯಲ್ಲಿ ಆಚೆ ಟವರು ಈಚೆ ಟವರು ಎಂದು ಎಳೆದಾಟ ಬೇರೆ. ಮಧುಗಿರಿ ಬೆಟ್ಟವನ್ನೋ ದೇವರಾಯನದುರ್ಗವನ್ನೋ ಹತ್ತುವಾಗ ಏರ್‌ಪ್ಲೇನ್ ಮೋಡ್ ಹಾಕಿ ನೋಡಿ. ಜಿಪಿಎಸ್ ಉಪಗ್ರಹದಿಂದ ಬರುವುದನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ಕಳಿಸುವುದಿಲ್ಲ. ಹಾಗಾಗಿ ಈಗಿನ ಫೋನುಗಳಲ್ಲಿ ಆ ಮೋಡ್‌ನಲ್ಲೂ ಮ್ಯಾಪಿನಲ್ಲಿ ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಓಡಾಡುತ್ತದೆ. ಆದರೆ ಮ್ಯಾಪ್ ಮೊದಲೇ ಇಳಿಸಿಕೊಂಡಿರಬೇಕು: ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿ. ಫೋನ್ ಕರೆ ಬರುವುದಿಲ್ಲ ಎಂದು ಮನೆಯವರಿಗೆ ಹೇಳಿ ಹೊರಡಿ.

ಉಳಿತಾಯ ಅತಿಯಾದರೆ ಕೆಲಸ ಕೆಡುತ್ತದೆ. ಬ್ಯಾಟರಿ ಸೇವರ್ ಹಾಕಿದಾಗ ಹಲವು ಫೋನುಗಳು ಸ್ಕ್ರೀನ್ ಆರಿದ ಕೂಡಲೇ ಲೊಕೇಶನ್ ನಿಲ್ಲಿಸುತ್ತವೆ. ಡೆಲಿವರಿಗೆ, ಟ್ಯಾಕ್ಸಿಗೆ ಓಡುವವರ ಗಾಡಿ ಮ್ಯಾಪಿನಲ್ಲಿ ಅಲ್ಲೇ ನಿಂತಂತೆ ಕಾಣುವುದು ಇದರಿಂದಲೇ. ದುಡಿಮೆಯ ಆ್ಯಪ್ ಒಂದಕ್ಕೆ ಮಾತ್ರ ಆ್ಯಪ್ ಇನ್ಫೋದ ಬ್ಯಾಟರಿಯಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಕೊಟ್ಟು, ಗಾಡಿಯಲ್ಲಿ ಚಾರ್ಜರ್ ಇಟ್ಟುಕೊಳ್ಳಿ, ಸೇವರ್ ಆಫ್ ಇರಲಿ.

ಹೊಲದಲ್ಲೇ ನಿಂತು ಬೆಳೆಯ ಫೋಟೋ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಬಳಸುವ ರೈತರಿಗೆ ಸಿಗುವ ತೊಂದರೆ ಇದಕ್ಕೆ ತದ್ವಿರುದ್ಧ. ಪ್ರಿಸೈಸ್ ಆಫ್ ಇದ್ದರೆ ಆಂಡ್ರಾಯ್ಡ್ ಕೊಡುವುದು ಸುಮಾರು 3 ಚದರ ಕಿಲೋಮೀಟರಿನ ಅಂದಾಜು. ಅದರಲ್ಲಿ ಎರಡೆಕರೆ ಹೊಲ ಎಲ್ಲಿ ಸಿಕ್ಕೀತು? ಈ ಆ್ಯಪ್‌ಗೆ ಪ್ರಿಸೈಸ್ ಆನ್ ಇರಲೇಬೇಕು. ಜೊತೆಗೆ ಫೋನಿನ ಸೆಟ್ಟಿಂಗ್ಸ್, ಲೊಕೇಶನ್, ಅದರೊಳಗಿನ ಲೊಕೇಶನ್ ಸರ್ವೀಸಸ್‌ನಲ್ಲಿ ‘ಲೊಕೇಶನ್ ಆ್ಯಕ್ಯುರಸಿ’ಯನ್ನೂ ಆನ್ ಮಾಡಿ. ತಿಪಟೂರು ಕಡೆಯ ತೆಂಗಿನ ತೋಟದಲ್ಲಾದರೆ ಗರಿಗಳ ಅಡಿ ನಿಲ್ಲಬೇಡಿ, ತೋಟದೊಳಗೇ ಆಕಾಶ ತೆರೆದಿರುವ ಜಾಗ ಹುಡುಕಿ. ತಗಡಿನ ಶೆಡ್ಡು, ಬಂಡೆ ಪಕ್ಕವೂ ಬೇಡ, ಸಿಗ್ನಲ್ ಬಂಡೆಗೆ ಬಡಿದು ಬಂದರೆ ಚುಕ್ಕೆ ಪಕ್ಕದವರ ಜಮೀನಿಗೆ ಹಾರುತ್ತದೆ.

ಸಾಮಾನ್ಯವಾಗಿ ಜಾಗ ಗೊತ್ತಾಗಲು ಕನಿಷ್ಠ 4 ಉಪಗ್ರಹ ಬೇಕು. ಡೇಟಾ ಇದ್ದರೆ ಅವು ಎಲ್ಲೆಲ್ಲಿವೆ ಎಂಬ ವಿವರ ಇಂಟರ್‌ನೆಟ್‌ನಿಂದ ತಟ್ಟನೆ ಸಿಗುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಆ ವಿವರ 30 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ, ನಡುವೆ ತುಂಡಾದರೆ ಮತ್ತೆ ಮೊದಲಿಂದ. ಅದಕ್ಕೇ ಒಂದೆರಡು ನಿಮಿಷ ಅಲುಗಾಡದೆ ನಿಲ್ಲಿ. ಮ್ಯಾಪ್ ತೆರೆದು ನೋಡಿ, ಚುಕ್ಕೆಯ ಸುತ್ತಲ ತಿಳಿನೀಲಿ ವೃತ್ತ ಕುಗ್ಗಿ ಚುಕ್ಕೆಯಷ್ಟೇ ಆದ ಮೇಲೆ ಆ್ಯಪ್‌ಗೆ ಮರಳಿ ಫೋಟೋ ತೆಗೆಯಿರಿ.