ಕರ್ನಲ್ ಅಪ್‌ಡೇಟ್ ಆದಮೇಲೆ ಸ್ಕ್ರೀನ್ ಕಪ್ಪಾದರೆ

ನಿನ್ನೆವರೆಗೆ ಸರಿಯಿದ್ದ ಲಿನಕ್ಸ್ ಕಂಪ್ಯೂಟರ್ ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಆದಾಗ ಕಪ್ಪು ಪರದೆ ತೋರಿಸುತ್ತದೆ. ಇಲ್ಲವೇ ಡೆಸ್ಕ್‌ಟಾಪ್ ಬರುತ್ತದೆ, ಆದರೆ ಅಕ್ಷರಗಳೆಲ್ಲ ದಪ್ಪದಪ್ಪ, ಎರಡನೇ ಮಾನಿಟರ್ ನಾಪತ್ತೆ. ಹಾಗಾದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ನಡೆಸುವ ಡ್ರೈವರ್ ಕಿತ್ತುಹಾಕಲು ಹೊರಡಬೇಡಿ. ಎನ್‌ವಿಡಿಯಾ ಕಾರ್ಡ್ ಇದ್ದರಂತೂ ಹೆಚ್ಚಿನ ಸಲ ಕೆಟ್ಟಿರುವುದು ಡ್ರೈವರ್ ಅಲ್ಲ. ಹೊಸ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಅದರ ಮಾಡ್ಯೂಲ್ (ಕರ್ನಲ್‌ನೊಳಗೆ ಸೇರುವ ಡ್ರೈವರ್ ತುಣುಕು) ತಯಾರಾಗಿರುವುದಿಲ್ಲ, ಅಥವಾ ತಯಾರಾಗಿದ್ದರೂ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಂಡಿರುವುದಿಲ್ಲ.

ಮೊದಲು ಒಳಗೆ ಹೋಗುವ ದಾರಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಪಠ್ಯದ ಲಾಗಿನ್ ಬರಬಹುದು. ಬರದಿದ್ದರೆ ರೀಸ್ಟಾರ್ಟ್ ಮಾಡಿ, ಶುರುವಿನಲ್ಲಿ ಬರುವ ಗ್ರಬ್ ಬೂಟ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ. ಹಳೆಯದರಲ್ಲಿ ಎಲ್ಲ ಸರಿಯಿದ್ದರೆ ಅರ್ಧ ಪತ್ತೆ ಮುಗಿದಂತೆ. ಅದೂ ಆಗದಿದ್ದರೆ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಇದನ್ನು ಹಾಕಿದಾಗ ಎಎಂಡಿ, ಇಂಟೆಲ್ ಡ್ರೈವರ್‌ಗಳು ಲೋಡ್ ಆಗುವುದಿಲ್ಲ. ಅದನ್ನು ನೋಡಿ ಡ್ರೈವರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಈಗ ‘ಎಲ್‌ಎಸ್‌ಪಿಸಿಐ -ಕೆ’ ಕೊಟ್ಟು ವಿಜಿಎ ಅಥವಾ 3ಡಿ ಕಂಟ್ರೋಲರ್ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಏನಿದೆ ನೋಡಿ. (ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.) ಎನ್‌ವಿಡಿಯಾ ಎಂದಿರಬೇಕಾದಲ್ಲಿ ನೂವೋ (ಕರ್ನಲ್ ಜೊತೆಗೇ ಬರುವ ಮುಕ್ತ ಡ್ರೈವರ್) ಎಂದಿದ್ದರೆ, ಅಥವಾ ಆ ಸಾಲೇ ಇಲ್ಲದಿದ್ದರೆ, ಮಾಡ್ಯೂಲ್ ಲೋಡ್ ಆಗಿಲ್ಲ.

ಪ್ರತಿ ಕರ್ನಲ್‌ಗೂ ಮಾಡ್ಯೂಲ್ ಕಟ್ಟಿಕೊಡುವ (ಬಿಲ್ಡ್ ಮಾಡುವ) ಸಾಧನ ಡಿಕೆಎಂಎಸ್. ಮುಂದೆ ‘ಡಿಕೆಎಂಎಸ್ ಸ್ಟೇಟಸ್’ ಮತ್ತು ‘ಯುನೇಮ್ -ಆರ್’ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಯುನೇಮ್ ಹೇಳಿದ ಕರ್ನಲ್ ಸಂಖ್ಯೆಯ ಎದುರು ‘ಇನ್‌ಸ್ಟಾಲ್ಡ್’ ಇರಬೇಕು. ಹಳೆಯ ಕರ್ನಲ್‌ನಿಂದ ಒಳಗೆ ಬಂದಿದ್ದರೆ ಯುನೇಮ್ ಹಳೆಯ ಸಂಖ್ಯೆಯನ್ನೇ ಹೇಳುತ್ತದೆ, ಆಗ ಹೊಸ ಕರ್ನಲ್‌ನ ಸಂಖ್ಯೆಯನ್ನು ನೋಡಿ. ಬರೀ ‘ಆಡೆಡ್’ ಎಂದಿದ್ದರೆ, ಅಥವಾ ಹಳೆಯ ಕರ್ನಲ್‌ನ ಹೆಸರಷ್ಟೇ ಇದ್ದರೆ, ಬಿಲ್ಡ್ ಆಗಿಲ್ಲ. ಸಾಮಾನ್ಯ ಕಾರಣ ಆ ಕರ್ನಲ್‌ನ ಹೆಡರ್ ಪ್ಯಾಕೇಜ್ (ಮಾಡ್ಯೂಲ್ ಕಟ್ಟಲು ಬೇಕಾದ ಫೈಲ್‌ಗಳು) ಇಲ್ಲದಿರುವುದು. ಡೆಬಿಯನ್, ಉಬುಂಟುಗಳಲ್ಲಿ ‘ಲಿನಕ್ಸ್-ಹೆಡರ್ಸ್’ ಮುಂದೆ ಅದೇ ಸಂಖ್ಯೆ ಸೇರಿಸಿ ಹಾಕಿ, ಆಮೇಲೆ ‘ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್’ (ಹಳೆಯ ಕರ್ನಲ್‌ನಲ್ಲಿದ್ದರೆ ಅದರ ಕೊನೆಗೆ ‘-ಕೆ’ ಮತ್ತು ಹೊಸ ಕರ್ನಲ್‌ನ ಸಂಖ್ಯೆ). ಆಗಲೂ ಬಿಲ್ಡ್ ಸೋತರೆ ‘/ವಾರ್/ಲಿಬ್/ಡಿಕೆಎಂಎಸ್’ ಫೋಲ್ಡರ್‌ನೊಳಗಿನ ಮೇಕ್ ಲಾಗ್‌ನಲ್ಲಿ ಮೊದಲ ‘ಎರರ್’ ಹುಡುಕಿ. ಕೊನೆಯದು ಬರೀ ಪರಿಣಾಮ, ಮೊದಲನೆಯದೇ ಕಾರಣ. ಹಳೇ ಡ್ರೈವರ್ ಹೊಸ ಕರ್ನಲ್‌ಗೆ ಹೊಂದದಿರುವುದು ಗೊತ್ತಾಗುವುದು ಇಲ್ಲೇ. 470, 390ರಂಥ ಹಳೆಯ ಸರಣಿಯಲ್ಲಿ ನಿಂತ ಕಾರ್ಡ್‌ಗಳಿಗೆ ಇದು ಪದೇಪದೇ ಬರುವ ತಲೆನೋವು. ಅಂಥವರಿಗೆ ದೀರ್ಘಾವಧಿ ಬೆಂಬಲದ ಕರ್ನಲ್ ಲೇಸು.

ಇನ್‌ಸ್ಟಾಲ್ಡ್ ಎಂದಿದ್ದೂ ಲೋಡ್ ಆಗದಿದ್ದರೆ ‘ಸುಡೋ ಮಾಡ್‌ಪ್ರೋಬ್ ಎನ್‌ವಿಡಿಯಾ’ ಕೊಡಿ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’ ಎಂದು ಬಂದರೆ ತಡೆದಿರುವುದು ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವುದನ್ನಷ್ಟೇ ಬಿಡುವ ಕಾವಲು): ಮಾಡ್ಯೂಲ್‌ಗೆ ಹಾಕಿದ ಸಹಿಯನ್ನು ಕರ್ನಲ್ ನಂಬುತ್ತಿಲ್ಲ. ‘ಸುಡೋ ಮೊಕ್‌ಯುಟಿಲ್ --ಇಂಪೋರ್ಟ್’ನ ಮುಂದೆ ಡಿಕೆಎಂಎಸ್‌ನ ಸಾರ್ವಜನಿಕ ಕೀ ಫೈಲ್ ಕೊಟ್ಟು, ಒಂದು ಪಾಸ್‌ವರ್ಡ್ ಇಟ್ಟು ರೀಸ್ಟಾರ್ಟ್ ಮಾಡಿ. ಡೆಸ್ಕ್‌ಟಾಪ್ ಬರುವ ಮೊದಲೇ ನೀಲಿ ಪರದೆ ಮೂಡುತ್ತದೆ. ಕೆಲವೇ ಸೆಕೆಂಡ್‌ನಲ್ಲಿ ಒಂದು ಕೀ ಒತ್ತದಿದ್ದರೆ ಅದು ಸುಮ್ಮನೆ ಮುಂದೆ ಹೋಗಿಬಿಡುತ್ತದೆ, ಮಾಡಿದ್ದೆಲ್ಲ ಮೊದಲಿಂದ. ಒತ್ತಿದ ಮೇಲೆ ಎನ್‌ರೋಲ್ ಮೊಕ್, ಕಂಟಿನ್ಯೂ, ಯೆಸ್, ಆ ಪಾಸ್‌ವರ್ಡ್, ರೀಬೂಟ್.

‘ಎನ್‌ವಿಡಿಯಾ-ಎಸ್‌ಎಂಐ’ ಕೊಟ್ಟಾಗ ಡ್ರೈವರ್ ಮತ್ತು ಲೈಬ್ರರಿ ಆವೃತ್ತಿ ಹೊಂದುತ್ತಿಲ್ಲ ಎಂದರೆ ಗಾಬರಿ ಬೇಡ. ಫೈಲ್‌ಗಳು ಹೊಸವು, ಮೆಮೊರಿಯಲ್ಲಿರುವ ಮಾಡ್ಯೂಲ್ ಹಳೆಯದು. ರೀಸ್ಟಾರ್ಟ್ ಸಾಕು.

ಎಎಂಡಿ, ಇಂಟೆಲ್ ಕಾರ್ಡ್‌ಗಳ ಡ್ರೈವರ್ ಕರ್ನಲ್‌ನಲ್ಲೇ ಇರುವುದರಿಂದ ಈ ಬಿಲ್ಡ್ ರಗಳೆ ಇಲ್ಲ. ಅಲ್ಲಿ ಕಾಡುವುದು ಫರ್ಮ್‌ವೇರ್, ಅಂದರೆ ಕಾರ್ಡ್‌ನೊಳಗೇ ಓಡುವ ತಂತ್ರಾಂಶದ ಫೈಲ್. ‘ಸುಡೋ ಡಿಮೆಸೇಜ್’ನಲ್ಲಿ (ಟೈಪ್ ಮಾಡುವಾಗ ಡಿ, ಎಂ, ಇ, ಎಸ್, ಜಿ) ಫರ್ಮ್‌ವೇರ್ ಸಿಗಲಿಲ್ಲ ಎಂಬ ಸಾಲಿದ್ದರೆ ಆ ಪ್ಯಾಕೇಜ್ ಹಾಕಿ. ಹಾಗೇ ‘ಡಿಎಫ್ -ಎಚ್’ ಕೊಟ್ಟು ಬೂಟ್ ವಿಭಾಗ ತುಂಬಿದೆಯೇ ನೋಡಿ. ತುಂಬಿದ್ದರೆ ಬೂಟ್‌ನ ಶುರುವಿಗೆ ಬೇಕಾದ ಫೈಲ್‌ಗಳ ಕಟ್ಟು, ಅಂದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅರ್ಧಕ್ಕೇ ನಿಂತಿರುತ್ತದೆ. ಹಳೆಯ ಕರ್ನಲ್‌ಗಳನ್ನು ಪ್ಯಾಕೇಜ್ ಮ್ಯಾನೇಜರ್‌ನಿಂದಲೇ ತೆಗೆದು ಜಾಗ ಮಾಡಿ, ಸರಿಯಾಗಿ ಓಡುವ ಒಂದನ್ನು ಮಾತ್ರ ಉಳಿಸಿಕೊಂಡು, ‘ಸುಡೋ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’ ಮತ್ತೆ ಕೊಡಿ. ಫೆಡೋರಾದಲ್ಲಿ ಆ ಕೆಲಸಕ್ಕೆ ‘ಸುಡೋ ಡ್ರಾಕಟ್ --ಫೋರ್ಸ್’, ಹಳೆಯ ಕರ್ನಲ್‌ನಲ್ಲಿದ್ದರೆ ಅದರ ಕೊನೆಗೆ ‘--ಕೆವರ್’ (ಕೆ, ವಿ, ಇ, ಆರ್) ಮತ್ತು ಹೊಸ ಕರ್ನಲ್‌ನ ಸಂಖ್ಯೆ.